ಪದಗ್ರಹಣದ ಮರುದಿನ

ಹಳೇ ಮೈಸೂರಿನ ಕಡೆ ಆಷಾಢದಲ್ಲಿ ಮದುವೆ ಮಾಡುವುದಿಲ್ಲ. ಲೆಕ್ಕದ ಪ್ರಕಾರ ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡುಗಳ ಕಲ್ಯಾಣಮಂಟಪಗಳು ಆ ತಿಂಗಳು ಬಿಕೋ ಎನ್ನಬೇಕು. ಹಾಗಾಗದಂತೆ ನೋಡಿಕೊಳ್ಳುವವರು ರೋಟರಿ ಮತ್ತು ಲಯನ್ಸ್‌ನವರು. ಜುಲೈ 1ಕ್ಕೆ ಅವರ ಹೊಸ ವರ್ಷ ಶುರು. ಆ ತಿಂಗಳಿಡೀ ಪದಗ್ರಹಣದ ಸುಗ್ಗಿ. ಹಳೆಯ ಅಧ್ಯಕ್ಷರು ತಮ್ಮ ಕೊರಳಿನ ಕಾಲರ್ ತೆಗೆದು ಹೊಸಬರಿಗೆ ತೊಡಿಸುತ್ತಾರೆ. ಸಂಸ್ಥೆಯ ಜಿಲ್ಲಾ ಗವರ್ನರ್ ಪ್ರಮಾಣವಚನ ಬೋಧಿಸುತ್ತಾರೆ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆಗಳ ನಡುವೆಯೇ ಆ ದಿನದ ಸೇವೆಯೂ ನಡೆದುಹೋಗುತ್ತದೆ: ಯಾರಿಗೋ ಒಂದು ಹೊಲಿಗೆ ಯಂತ್ರ, ಇನ್ನಾರಿಗೋ ಗಾಲಿಕುರ್ಚಿ, ಒಂದಷ್ಟು ಮಕ್ಕಳಿಗೆ ನೋಟ್‌ಬುಕ್ಕು. ಜೇಸಿಗಳದು ಜನವರಿಯಿಂದ ಡಿಸೆಂಬರ್ ಲೆಕ್ಕ. ಅವರಿಗೂ ತೊಂದರೆಯಿಲ್ಲ, ಧನುರ್ಮಾಸದಲ್ಲಿ ಮಂಟಪ ಖಾಲಿಯೇ ಇರುತ್ತದೆ.

ಇದನ್ನು ಗೇಲಿ ಮಾಡುವುದು ಬಹಳ ಸುಲಭ, ಮಾಡಿಯೂ ಆಗಿದೆ. ಫ್ಲೆಕ್ಸ್‌ನಲ್ಲಿ ಇಪ್ಪತ್ತು ಮುಖ, ಒಂದು ಸಸಿಗೆ ಹತ್ತು ಕೈ ಎನ್ನುವ ಮಾತನ್ನು ಪೇಟೆಯ ಕಾಫಿ ಹೋಟೆಲಿನಲ್ಲಿ ಯಾರು ಬೇಕಾದರೂ ಹೇಳಬಲ್ಲರು. ಆದರೆ ಪೋಲಿಯೊ ಹೋದದ್ದು, ಪೊರೆ ಕಟ್ಟಿದ ಕಣ್ಣು ತೆರೆದದ್ದು, ನಡುರಾತ್ರಿ ಹೆರಿಗೆ ಮನೆಯಲ್ಲಿ ರಕ್ತ ಸಿಕ್ಕಿದ್ದು, ಇವುಗಳ ಹಿಂದೆಯೂ ಇದೇ ಕಾಲರ್ ತೊಟ್ಟವರು ಇದ್ದಾರೆ. ಕೆಲವು ಕೆಲಸಗಳಲ್ಲಿ ಇಷ್ಟು ಗಟ್ಟಿಯಾಗಿ ನಿಂತವರು ಬೇರೆ ಕೆಲಸಗಳಲ್ಲಿ ಯಾಕೆ ಇಷ್ಟು ಬೇಗ ಕರಗಿಹೋಗುತ್ತಾರೆ? ಇದನ್ನು ಪೇಟೆಯ ವೇದಿಕೆಯಿಂದ ನೋಡಿದರೆ ಗೊತ್ತಾಗುವುದಿಲ್ಲ, ಹಳ್ಳಿಯ ತುದಿಯಿಂದ ನೋಡಬೇಕು. ಹಾಸನದಿಂದ ಬೇಲೂರಿನ ದಿಕ್ಕಿಗೆ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ದೊಡ್ಡಗದ್ದವಳ್ಳಿಯಂಥ ಊರಿನಿಂದ. ಸೇವಾ ಕ್ಲಬ್ಬುಗಳು ಇರುವುದು ಪೇಟೆಯಲ್ಲಿ; ಹಳ್ಳಿಗೆ ಸೇವೆ ಕಾರಿನಲ್ಲಿ ಬರುತ್ತದೆ, ಸಂಜೆಗೆ ಹಿಂದಿರುಗುತ್ತದೆ.

ಈ ಕ್ಲಬ್ಬುಗಳ ಮೂಲ ಗೊತ್ತಿರುವಂಥದ್ದೇ. ವಕೀಲ ಪಾಲ್ ಹ್ಯಾರಿಸ್ 1905ರ ಫೆಬ್ರುವರಿ 23ರಂದು ಷಿಕಾಗೋದಲ್ಲಿ ಮೂವರು ಗೆಳೆಯರೊಡನೆ ಸೇರಿ ರೋಟರಿ ಆರಂಭಿಸಿದ. ಅದೇ ಊರಿನ ವಿಮಾ ವ್ಯಾಪಾರಿ ಮೆಲ್ವಿನ್ ಜೋನ್ಸ್ 1917ರಲ್ಲಿ ಲಯನ್ಸ್ ಕಟ್ಟಿದ. ರೋಟರಿ ಕಲ್ಕತ್ತೆಗೆ ಬಂದು ನೂರು ವರ್ಷ ದಾಟಿತು, ಬೆಂಗಳೂರಿಗೆ 1934ರಲ್ಲಿ ಬಂತು. ಲಯನ್ಸ್ ಮುಂಬಯಿಗೆ ಕಾಲಿಟ್ಟದ್ದು 1956ರಲ್ಲಿ. ಇವತ್ತು ರೋಟರಿಯ ನಕ್ಷೆಯಲ್ಲಿ ಹಾಸನ ಜಿಲ್ಲೆ ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿಗಳ ಜತೆ 3182ನೇ ಜಿಲ್ಲೆಗೆ ಸೇರಿದೆ. ಲಯನ್ಸ್ ನಕ್ಷೆಯಲ್ಲಿ ದಕ್ಷಿಣ ಕನ್ನಡ, ಕೊಡಗು, ಚಿಕ್ಕಮಗಳೂರುಗಳೊಡನೆ 317-ಡಿಗೆ. ಸರ್ಕಾರದ ಜಿಲ್ಲೆಯೇ ಬೇರೆ, ಗವರ್ನರರ ಜಿಲ್ಲೆಯೇ ಬೇರೆ.

ಇಲ್ಲೊಂದು ಕುತೂಹಲದ ಸಂಗತಿಯಿದೆ. ಷಿಕಾಗೋದಲ್ಲಿ ರೋಟರಿ ಹುಟ್ಟಿದ ಅದೇ 1905ರಲ್ಲಿ ಮೈಸೂರು ಸಂಸ್ಥಾನದಲ್ಲಿ ಲಿಂಗಾಯತರ ವಿದ್ಯಾನಿಧಿ ಸಂಸ್ಥೆ ಹುಟ್ಟಿತು, ಮರುವರ್ಷ ಒಕ್ಕಲಿಗರ ಸಂಘ. ಪುಣೆಯಲ್ಲಿ ಗೋಖಲೆಯವರು ಭಾರತ ಸೇವಕ ಸಮಾಜ ಕಟ್ಟಿದ್ದೂ 1905ರಲ್ಲೇ. ಹಳ್ಳಿಯಿಂದ ಪೇಟೆಗೆ ಓದಲು ಬಂದ ಹುಡುಗರಿಗೆ ಅನ್ನ, ವಸತಿ ಕೊಟ್ಟು ಈ ಸೀಮೆಯನ್ನು ಬದಲಾಯಿಸಿದ್ದು ಜಾತಿ ಸಂಘಗಳ ಹಾಸ್ಟೆಲುಗಳು. ಆ ಲೆಕ್ಕದಲ್ಲಿ ಯಾವ ರೋಟರಿಯೂ ಅವುಗಳ ಹತ್ತಿರ ಬರುವುದಿಲ್ಲ. ಆದರೆ ಆ ಹಾಸ್ಟೆಲಿನ ಬಾಗಿಲು ತೆರೆಯುತ್ತಿದ್ದದ್ದು ತಮ್ಮವರಿಗೆ. ರೋಟರಿಯ ಮೂಲ ನಿಯಮ ಬೇರೆಯದು: ಒಂದು ವೃತ್ತಿಗೆ ಒಬ್ಬ. ಒಬ್ಬ ಡಾಕ್ಟರು, ಒಬ್ಬ ವಕೀಲ, ಒಬ್ಬ ಜವಳಿ ವ್ಯಾಪಾರಿ. ನಿಯಮ ಈಗ ಸಡಿಲಾಗಿದ್ದರೂ ಅದರ ಫಲ ಉಳಿದಿದೆ. ತಾಲ್ಲೂಕು ಕೇಂದ್ರದಲ್ಲಿ ಜೈನ ವರ್ತಕ, ಒಕ್ಕಲಿಗ ಕಂಟ್ರಾಕ್ಟರು, ಮುಸ್ಲಿಂ ವೈದ್ಯ, ಕಾಫಿ ತೋಟದ ಕ್ರೈಸ್ತ ಮಾಲೀಕ ವಾರಕ್ಕೊಮ್ಮೆ ಒಂದೇ ಮೇಜಿನಲ್ಲಿ ಕೂತು ಊಟ ಮಾಡುವ ಜಾಗ ಇನ್ನೊಂದಿಲ್ಲ. ಇದು ಸಣ್ಣ ಸಂಗತಿ ಎಂದು ನನಗೆ ಅನ್ನಿಸುವುದಿಲ್ಲ. ಜಾತಿಯ ಬೇಲಿ ಕಿತ್ತವರು ದುಡ್ಡಿನ ಬೇಲಿಯನ್ನು ಹಾಗೇ ಬಿಟ್ಟರು ಎನ್ನುವುದೂ ಅಷ್ಟೇ ನಿಜ. ವರ್ಷದ ಚಂದಾ ಕಟ್ಟಲಾರದ ಪ್ರಾಥಮಿಕ ಶಾಲೆಯ ಮೇಷ್ಟ್ರು ಅಲ್ಲಿ ಸನ್ಮಾನಿತರು, ಸದಸ್ಯರಲ್ಲ.

ಕಣ್ಣಿನ ಕೆಲಸದಿಂದ ತೊಡಗೋಣ, ಅದೇ ಹಳೆಯದು. 1925ರಲ್ಲಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶದಲ್ಲಿ ನಿಂತು, ಕುರುಡರ ಪರವಾಗಿ ಹೋರಾಡುವವರಾಗಿ ಎಂದು ಕೇಳಿಕೊಂಡ ಮೇಲೆ ಕಣ್ಣು ಲಯನ್ಸ್‌ನವರ ಮನೆಕೆಲಸವಾಯಿತು. ಕರ್ನಾಟಕದಲ್ಲಿ ಈ ಕೆಲಸಕ್ಕೆ ಜನಪ್ರಿಯ ರೂಪ ಕೊಟ್ಟವರು ಡಾ. ಎಂ.ಸಿ. ಮೋದಿ. ಊರಿಂದೂರಿಗೆ ಹೋಗಿ ಶಾಲೆ, ಛತ್ರಗಳಲ್ಲೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಅವರ ಹೆಸರಿನಲ್ಲಿ ಒಂದೇ ದಿನ 833 ಪೊರೆ ತೆಗೆದ ಗಿನ್ನೆಸ್ ದಾಖಲೆಯಿದೆ. ಅಂಥ ಶಿಬಿರಗಳಲ್ಲಿ ಸ್ಥಳೀಯ ಸಂಘದವರ ಪಾಲು ದೊಡ್ಡದು: ಚಾಪೆ, ಗಂಜಿ, ಬಿಸಿನೀರು, ಸಾಲಿನಲ್ಲಿ ನಿಲ್ಲಿಸುವುದು, ಕಣ್ಣಿಗೆ ಪಟ್ಟಿ ಕಟ್ಟಿದವರನ್ನು ಕೈಹಿಡಿದು ಬಚ್ಚಲಿಗೆ ಕರೆದೊಯ್ಯುವುದು.

ಆ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ. ಕಣ್ಣಿನೊಳಗೆ ಮಸೂರ ಕೂರಿಸುವ ಪದ್ಧತಿ ಬಂದ ಮೇಲೆ ಶಾಲೆಯ ಕೋಣೆ ಸಾಲದಾಯಿತು. ಬಯಲು ಶಿಬಿರಗಳಲ್ಲಿ ಸೋಂಕಾಗಿ ಇದ್ದ ದೃಷ್ಟಿಯೂ ಹೋದ ಪ್ರಕರಣಗಳು ದೇಶದ ಅಲ್ಲಲ್ಲಿ ವರದಿಯಾದವು. ಈಗ ಹಳ್ಳಿಯಲ್ಲಿ ನಡೆಯುವುದು ತಪಾಸಣೆ ಮಾತ್ರ; ಆಯ್ಕೆಯಾದವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಒಂದೊಂದು ಶಸ್ತ್ರಚಿಕಿತ್ಸೆಗೆ ಇಂತಿಷ್ಟು ಎಂದು ಸ್ವಯಂಸೇವಾ ಆಸ್ಪತ್ರೆಗೆ ಸರ್ಕಾರ ಅನುದಾನ ಕೊಡುತ್ತದೆ. ಫ್ಲೆಕ್ಸ್‌ನಲ್ಲಿ ಬರೆದ ‘ಉಚಿತ’ದ ಹಿಂದೆ ಹೀಗೆ ಮೂವರ ಜೇಬಿದೆ: ಸರ್ಕಾರದ್ದು, ಆಸ್ಪತ್ರೆಯದು, ಕ್ಲಬ್ಬಿನದು. ಕ್ಲಬ್ಬಿನ ಪಾಲು ಎಲ್ಲಕ್ಕಿಂತ ಚಿಕ್ಕದು. ಆದರೆ ಅದಿಲ್ಲದಿದ್ದರೆ ಬಸ್ಸು ಹೊರಡುವುದಿಲ್ಲ.

ಕೆಲಸದ ಅಸಲಿ ಕಷ್ಟ ಇರುವುದು ಬಸ್ಸು ಹಿಂದಿರುಗಿದ ಮೇಲೆ. ವಾರಗಟ್ಟಲೆ ದಿನಕ್ಕೆ ಹಲವು ಸಲ ಕಣ್ಣಿಗೆ ಔಷಧದ ಹನಿ ಹಾಕಬೇಕು. ಮಗ ಸೊಸೆ ಬೆಂಗಳೂರಿನಲ್ಲಿದ್ದು, ಒಂಟಿಯಾಗಿರುವ ಅಜ್ಜಿಗೆ ಹಾಕುವವರು ಯಾರು? ಒಲೆಯ ಹೊಗೆ, ದನದ ಕೊಟ್ಟಿಗೆ ತಪ್ಪಿಸುವುದು ಹೇಗೆ? ಕನ್ನಡಕದ ನಂಬರ್ ನೋಡಲು ಮತ್ತೆ ಕರೆದೊಯ್ಯುವವರು ಯಾರು? ಆಲೂಗೆಡ್ಡೆ ಬಿತ್ತುವ, ರಾಗಿ ಕುಯ್ಯುವ ದಿನಗಳಲ್ಲಿ ಶಿಬಿರ ಇಟ್ಟರೆ ಜನವೇ ಬರುವುದಿಲ್ಲ ಎನ್ನುವುದನ್ನು ಕ್ಲಬ್ಬಿನ ಕ್ಯಾಲೆಂಡರಿಗಿಂತ ಚೆನ್ನಾಗಿ ಬಲ್ಲವರು ಊರಿನ ಆಶಾ ಕಾರ್ಯಕರ್ತೆ ಮತ್ತು ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಗ್ಗೆ ಸಂಜೆ ಊರಿನವರೆಲ್ಲ ಹಾಲು ಹಾಕಲು ಬರುವ ಡೈರಿಯಲ್ಲಿ ಒಂದು ಚೀಟಿ ಅಂಟಿಸುವುದು ಪತ್ರಿಕಾಗೋಷ್ಠಿಗಿಂತ ಹೆಚ್ಚು ಜನಕ್ಕೆ ತಲುಪುತ್ತದೆ. ಈ ಇಬ್ಬರನ್ನು ಮೊದಲೇ ಕೇಳಿ ಶಿಬಿರ ನಡೆಸುವ ಕ್ಲಬ್ಬಿಗೂ, ಅಧ್ಯಕ್ಷರ ಹುಟ್ಟುಹಬ್ಬಕ್ಕೆ ದಿನ ಗೊತ್ತುಮಾಡುವ ಕ್ಲಬ್ಬಿಗೂ ವ್ಯತ್ಯಾಸ ಕಾಣುವುದು ಶಿಬಿರದ ದಿನ ಅಲ್ಲ, ಆರು ವಾರದ ನಂತರ.

ಪೋಲಿಯೊ ವಿಷಯದಲ್ಲಿ ಮಾತ್ರ ನಾನು ಯಾವ ಕೊಂಕೂ ಇಲ್ಲದೆ ಮೆಚ್ಚುತ್ತೇನೆ. ರೋಟರಿ 1985ರಲ್ಲಿ ಪೋಲಿಯೊಪ್ಲಸ್ ಘೋಷಿಸಿದಾಗ ಅದೊಂದು ಹುಚ್ಚು ಸಾಹಸದಂತಿತ್ತು. ಭಾರತದಲ್ಲಿ ಪಲ್ಸ್ ಪೋಲಿಯೊ 1995ರಲ್ಲಿ ದೇಶವ್ಯಾಪಿಯಾಯಿತು. ಹದಿನಾಲ್ಕು ವರ್ಷ ಹನಿ ಹಾಕಿದ ಮೇಲೂ 2009ರಲ್ಲಿ ದೇಶದಲ್ಲಿ 741 ಪ್ರಕರಣಗಳಿದ್ದವು. ಕೈಬಿಡಲು ಅದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. 2010ರಲ್ಲಿ ಅದು 42ಕ್ಕಿಳಿಯಿತು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಾಣಿಸಿಕೊಂಡದ್ದೇ ಕೊನೆಯ ಪ್ರಕರಣ. 2014ರ ಮಾರ್ಚ್ 27ಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಬಂತು.

ಈ ಯಶಸ್ಸಿನಲ್ಲಿ ಕ್ಲಬ್ಬಿನವರು ಮಾಡಿದ ಕೆಲಸ ಯಾವುದೂ ದೊಡ್ಡದಾಗಿ ಕಾಣುವಂಥದ್ದಲ್ಲ. ಬೂತಿಗೆ ಶಾಮಿಯಾನ, ಕಾರ್ಯಕರ್ತೆಯರಿಗೆ ಟೋಪಿ ಮತ್ತು ಊಟ, ಆಟೋಗೆ ಮೈಕು, ಬಸ್ ನಿಲ್ದಾಣದಲ್ಲಿ ನಿಂತು ಕಂಕುಳಲ್ಲಿ ಕೂಸಿರುವ ತಾಯಂದಿರನ್ನು ಕರೆಯುವುದು, ಗದ್ದೆ ಕೆಲಸಕ್ಕೂ ಕಾಫಿ ತೋಟಕ್ಕೂ ಬಂದ ವಲಸೆ ಕೂಲಿಗಳ ಗುಡಿಸಲು ಹುಡುಕಿಕೊಂಡು ಹೋಗುವುದು. ಲಸಿಕೆ ಸರ್ಕಾರದ್ದು, ಹಾಕುವ ಕೈ ಅಂಗನವಾಡಿಯವರದು. ರೋಟರಿ ಜಗತ್ತಿನಾದ್ಯಂತ ಇದಕ್ಕಾಗಿ ಕೂಡಿಸಿದ ಹಣ 200 ಕೋಟಿ ಡಾಲರ್ ಮೀರಿದೆ, ನಿಜ. ಆದರೆ ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡಿದ್ದು ಹಣಕ್ಕಿಂತ ಪಟ್ಟು. ಅಧ್ಯಕ್ಷರು ವರ್ಷಕ್ಕೊಬ್ಬರಂತೆ ಬದಲಾದರು, ಕಾರ್ಯಕ್ರಮ ಬದಲಾಗಲಿಲ್ಲ. ಯಾವ ಹೊಸ ಅಧ್ಯಕ್ಷರಿಗೂ ಪೋಲಿಯೊ ಬಿಟ್ಟು ‘ನನ್ನದೇ ಆದ ಏನಾದರೂ’ ಮಾಡುವ ಸ್ವಾತಂತ್ರ್ಯವಿರಲಿಲ್ಲ. ಅದೇ ಅದರ ಗುಟ್ಟು.

ರಕ್ತದಾನದ ಕಥೆ ಇಷ್ಟು ನೇರವಾಗಿಲ್ಲ. ದುಡ್ಡಿಗೆ ರಕ್ತ ಮಾರುವವರನ್ನು ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಆದೇಶಿಸಿದ ಮೇಲೆ ದೇಶದ ರಕ್ತನಿಧಿಗಳು ಸ್ವಯಂಪ್ರೇರಿತ ದಾನಿಗಳನ್ನೇ ನಂಬಬೇಕಾಯಿತು. ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಬೆಂಗಳೂರು–ಮಂಗಳೂರು ಹೆದ್ದಾರಿ ಚನ್ನರಾಯಪಟ್ಟಣದಿಂದ ಸಕಲೇಶಪುರದವರೆಗೆ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. ಅಪಘಾತ, ಹೆರಿಗೆ, ಡೆಂಗಿ, ಎಲ್ಲಕ್ಕೂ ರಕ್ತ ಬೇಕು. ಅಂಗಡಿ ಬೀದಿಯ ಸಂಘದಿಂದ ಹಿಡಿದು ನಟರ ಅಭಿಮಾನಿ ಬಳಗದವರೆಗೆ ಎಲ್ಲರೂ ಶಿಬಿರ ಮಾಡುತ್ತಾರೆ. ತೊಂದರೆ ಎಂದರೆ ಎಲ್ಲರೂ ಒಂದೇ ಕಾಲಕ್ಕೆ ಮಾಡುತ್ತಾರೆ.

ತೆಗೆದ ರಕ್ತ 35 ದಿನ ಇಡಬಹುದು, ಅದರಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ಐದೇ ದಿನ. ಆಗಸ್ಟ್ 15ಕ್ಕೆ, ಅಕ್ಟೋಬರ್ 1ರ ರಕ್ತದಾನ ದಿನಕ್ಕೆ, ನಾಯಕರ ಹುಟ್ಟುಹಬ್ಬಕ್ಕೆ ಫ್ರಿಜ್ ತುಂಬುತ್ತದೆ. ಪರೀಕ್ಷೆ ಮುಗಿದು ಕಾಲೇಜಿಗೆ ಬೀಗ ಬಿದ್ದ ಏಪ್ರಿಲ್, ಮೇನಲ್ಲಿ ಖಾಲಿಯಾಗುತ್ತದೆ. ಒಂದೇ ದಿನ ಇನ್ನೂರು ಜನ ಕೊಟ್ಟರು ಎಂಬ ಸುದ್ದಿ ಪತ್ರಿಕೆಗೆ ಚೆಂದ. ರಕ್ತನಿಧಿಯ ತಂತ್ರಜ್ಞರನ್ನು ಕೇಳಿದರೆ, ವಾರಕ್ಕೆ ಹತ್ತು ಜನ ಬರಲಿ ಸಾಕು ಎನ್ನುತ್ತಾರೆ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಅಷ್ಟನ್ನು ನೆನಪಿಟ್ಟುಕೊಂಡು, ಗುಂಪುವಾರು ಹೆಸರು ಬರೆದಿಟ್ಟು, ಸರದಿಯ ಮೇಲೆ ಫೋನ್ ಮಾಡುವ ಒಬ್ಬ ಕಾರ್ಯದರ್ಶಿ ಇದ್ದರೆ ಆ ಕ್ಲಬ್ಬು ಬೇರೇನೂ ಮಾಡಬೇಕಿಲ್ಲ. ಅಂಥವರು ಕೆಲವು ಊರುಗಳಲ್ಲಿ ಇದ್ದಾರೆ, ಹೆಚ್ಚಾಗಿ ಔಷಧದ ಅಂಗಡಿಯವರು. ಅವರ ಮೊಬೈಲಿಗೆ ರಾತ್ರಿ ಎರಡು ಗಂಟೆಗೂ ಕರೆ ಬರುತ್ತದೆ. ಇಂಥ ಕೆಲಸಕ್ಕೆ ವೇದಿಕೆ ಇಲ್ಲ, ಹಾಗಾಗಿ ಫೋಟೋವೂ ಇಲ್ಲ.

ಇನ್ನು ವಸ್ತುಗಳ ಕೊಡುಗೆ. ಶಾಲೆಗೆ ಡೆಸ್ಕು, ನೀರಿನ ಫಿಲ್ಟರು, ಸ್ಮಾರ್ಟ್ ಕ್ಲಾಸಿನ ಪರದೆ. ಊರಿಗೆ ಬಸ್ ತಂಗುದಾಣ. ಆಸ್ಪತ್ರೆಗೆ ಶವ ಇಡುವ ಫ್ರೀಜರ್. ಇವುಗಳಲ್ಲಿ ಬಾಳಿಕೆ ಬಂದಿರುವುದು ಡೆಸ್ಕು ಮತ್ತು ತಂಗುದಾಣ, ಯಾಕೆಂದರೆ ಅವಕ್ಕೆ ಯಾರೂ ಏನೂ ಮಾಡಬೇಕಿಲ್ಲ. ಫಿಲ್ಟರಿನ ಪೊರೆಯನ್ನು ಕಾಲಕಾಲಕ್ಕೆ ಬದಲಾಯಿಸಬೇಕು, ಅದಕ್ಕೆ ಖರ್ಚಿದೆ. ಶಾಲೆಯ ಸಾದಿಲ್ವಾರು ಹಣ ಸೀಮೆಸುಣ್ಣಕ್ಕೇ ಸಾಲದು. ಸರ್ಕಾರ ಊರೂರಿಗೆ ಹಾಕಿದ ಶುದ್ಧ ಕುಡಿಯುವ ನೀರಿನ ಘಟಕಗಳ ಅವಸ್ಥೆಯೂ ಎಷ್ಟೋ ಕಡೆ ಇದೇ. ಕೆಟ್ಟ ಯಂತ್ರದ ಮೇಲೆ ದಾನಿಗಳ ಹೆಸರು ಮಾತ್ರ ಸ್ಪಷ್ಟವಾಗಿ ಓದಲು ಬರುತ್ತದೆ. ವನಮಹೋತ್ಸವದ ಸಸಿಗಳ ಬಗ್ಗೆ ಹೇಳುವುದು ಬೇಡ. ಅವುಗಳ ಲೆಕ್ಕವನ್ನು ಊರಿನ ಮೇಕೆಗಳು ಇಡುತ್ತವೆ.

ಉಳಿಸಿಕೊಳ್ಳುವ ವಿಷಯದಲ್ಲಿ ದೊಡ್ಡಗದ್ದವಳ್ಳಿಗೆ ಒಂಬೈನೂರು ವರ್ಷದ ಅನುಭವವಿದೆ. ಅಲ್ಲಿನ ಲಕ್ಷ್ಮೀದೇವಿ ಗುಡಿಯನ್ನು ಕಟ್ಟಿಸಿದ್ದು ಅರಸನಲ್ಲ. ವಿಷ್ಣುವರ್ಧನನ ಕಾಲದಲ್ಲಿ, 1113–14ರ ಸುಮಾರಿಗೆ, ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದರು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅವರಿಬ್ಬರೂ ಯಾವ ಕ್ಲಬ್ಬಿಗೂ ಭೂಷಣವಾಗುವ ಸದಸ್ಯರು. ಆ ಕಾಲದ ದಾನಶಾಸನಗಳನ್ನು ಓದಿದರೆ ಒಂದು ರೂಢಿ ಎದ್ದು ಕಾಣುತ್ತದೆ. ಕಟ್ಟಿಸಿದ ಸುದ್ದಿಯೊಂದಿಗೆ ನಿತ್ಯದ ಖರ್ಚಿಗೆ ಇಂಥ ಭೂಮಿ, ಒಡೆದದ್ದು ಬಿರುಕು ಬಿಟ್ಟದ್ದನ್ನು ಸರಿಪಡಿಸಲು ಎಂದು ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಇಂಥ ಆದಾಯ ಎಂದು ಬಿಡಿಸಿ ಬರೆದಿರುತ್ತಾರೆ. ದಾನದ ಅರ್ಧ ಇರುವುದೇ ಆ ಭಾಗದಲ್ಲಿ. ನಮ್ಮ ಫಿಲ್ಟರುಗಳಿಗೆ ಇಲ್ಲದ್ದು ಅದು.

ಈಗ ಗುಡಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಷ್ಟಾದರೂ 2020ರ ನವೆಂಬರಿನಲ್ಲಿ ಅಲ್ಲಿನ ಕಾಳಿಯ ವಿಗ್ರಹ ಭಗ್ನವಾಗಿ ಕಂಡುಬಂದು ಸುದ್ದಿಯಾಯಿತು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹೊಯ್ಸಳ ಗುಡಿಗಳು ಬೇಲೂರು, ಹಳೇಬೀಡು, ಸೋಮನಾಥಪುರದವು. ಬೇಲೂರಿಗೆ ಹೋಗುವ ಹತ್ತು ಕಾರಿನಲ್ಲಿ ಒಂದು ಇತ್ತ ತಿರುಗಿದರೆ ಹೆಚ್ಚು. ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು ಎಂಬುದು 2010ರಿಂದ ಕಾನೂನು. ಪೇಟೆಯ ಕ್ಲಬ್ಬೊಂದು ಉತ್ಸಾಹದಿಂದ ಬಂದು ಗುಡಿಯ ಪಕ್ಕ ರೋಟರಿ ಚಕ್ರದ ಗುರುತಿನ ಶೌಚಾಲಯವನ್ನೋ ತಂಗುದಾಣವನ್ನೋ ಕಟ್ಟಿಬಿಡಲು ಆಗುವುದಿಲ್ಲ. ಇಂಥ ಊರಿನಲ್ಲಿ ಸೇವೆಗೆ ಉಳಿಯುವ ದಾರಿ ಕಟ್ಟುವುದಲ್ಲ. ಊರಿನ ನಾಲ್ಕು ಹುಡುಗ ಹುಡುಗಿಯರಿಗೆ ನಾಲ್ಕು ಗರ್ಭಗುಡಿಗಳ ಆ ಅಪರೂಪದ ಕಟ್ಟಡವನ್ನು ವಿವರಿಸುವ ತರಬೇತಿ ಕೊಡಬಹುದು, ಗುಡಿಯ ಹತ್ತಿರದ ಕೆರೆಯ ದಂಡೆ ಚೊಕ್ಕವಾಗಿಡಬಹುದು, ಬಂದವರು ಬಿಸಾಡಿಹೋದ ಪ್ಲಾಸ್ಟಿಕ್ಕಿಗೆ ಪಂಚಾಯಿತಿಯ ಕಸದ ಗಾಡಿ ಸರಿಯಾಗಿ ಬರುವಂತೆ ನೋಡಿಕೊಳ್ಳಬಹುದು. ಇವುಗಳಲ್ಲಿ ಯಾವುದಕ್ಕೂ ಉದ್ಘಾಟನೆಯ ಟೇಪು ಕತ್ತರಿಸಲು ಬರುವುದಿಲ್ಲ.

ಹಾಸನದಲ್ಲೇ ಬೇರೆ ಮಾದರಿಗಳೂ ಇವೆ. ಬರಗಾಲದ ಹೊತ್ತಿನಲ್ಲಿ ಹುಟ್ಟಿದ ಹಸಿರುಭೂಮಿ ಪ್ರತಿಷ್ಠಾನ ಹಳೆಯ ಕಲ್ಯಾಣಿಗಳ ಹೂಳೆತ್ತುವುದನ್ನೇ ಹಿಡಿದುಕೊಂಡಿತು. ವಾರದ ರಜೆಯಲ್ಲಿ ಮೇಷ್ಟ್ರು, ವಿದ್ಯಾರ್ಥಿ, ನೌಕರರು ಬುಟ್ಟಿ ಸಲಿಕೆ ಹಿಡಿದು ಇಳಿದರು. 1982ರಲ್ಲಿ ಬೆಳ್ತಂಗಡಿಯಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಈ ಜಿಲ್ಲೆಗೂ ಹಬ್ಬಿ, ಸ್ವಸಹಾಯ ಸಂಘಗಳ ಬಲದ ಮೇಲೆ ಕೆರೆ ಕೆಲಸಕ್ಕೂ ಕೈಹಾಕಿದೆ. ಸಾಲ ಮತ್ತು ಸೇವೆ ಒಂದೇ ಕೈಯಲ್ಲಿರುವುದರ ಬಗ್ಗೆ ಟೀಕೆಗಳಿವೆ, ಅವು ಬೇರೆಯೇ ಚರ್ಚೆ. 1969ರಿಂದ ಇರುವ ಎನ್‌ಎಸ್‌ಎಸ್‌ನ ಮಕ್ಕಳು ಏಳು ದಿನ ಹಳ್ಳಿಯಲ್ಲೇ ಮಲಗೆದ್ದು, ಊರಿನವರ ಮನೆಯ ಮುದ್ದೆ ಸಾರು ಉಂಡು ಚರಂಡಿ ತೆಗೆಯುತ್ತಾರೆ. ಅವರ ಚರಂಡಿ ಮುಂದಿನ ಮಳೆಗೆ ತುಂಬಿಹೋಗಬಹುದು. ಆದರೂ ಅವರಿಗೆ ಆ ಊರಿನಲ್ಲಿ ಯಾರ ಮನೆಯಲ್ಲಿ ಕಾಯಿಲೆಯಿದೆ ಎನ್ನುವುದು ಗೊತ್ತಾಗಿರುತ್ತದೆ. ಮೂರು ಗಂಟೆ ಬಂದುಹೋಗುವವರಿಗೆ ಗೊತ್ತಾಗುವುದಿಲ್ಲ.

ಹೆಂಗಸರ ಮಾತು ಎತ್ತದೆ ಈ ಸಮೀಕ್ಷೆ ಮುಗಿಯದು. ರೋಟರಿಯ ಬಾಗಿಲು ಹೆಂಗಸರಿಗೆ ತೆರೆದದ್ದು 1989ರಲ್ಲಿ, ಅದೂ ಅಮೆರಿಕದ ಸುಪ್ರೀಂ ಕೋರ್ಟು 1987ರಲ್ಲಿ ಕಿವಿ ಹಿಂಡಿದ ಮೇಲೆ. ಅಲ್ಲಿಯವರೆಗೆ ರೊಟೇರಿಯನ್ನರ ಹೆಂಡತಿಯರಿಗೆಂದು 1924ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಇನ್ನರ್‌ವ್ಹೀಲ್ ಇತ್ತು. ಈಗಲೂ ನಮ್ಮ ತಾಲ್ಲೂಕುಗಳಲ್ಲಿ ಅದೇ ಹೆಚ್ಚು ಚುರುಕಾಗಿದೆ ಎಂದು ನನ್ನ ಅಂದಾಜು. ಅದಕ್ಕಿಂತ ಇರಿಯುವ ಪ್ರಶ್ನೆ ಹಳ್ಳಿಯದು. ಶಿಬಿರಕ್ಕೆ ಜನ ಸೇರಿಸುವವರು, ಅಜ್ಜಿಯ ಕಣ್ಣಿಗೆ ಹನಿ ಹಾಕುವವರು, ಪೋಲಿಯೊ ದಿನ ಮನೆಮನೆ ತಟ್ಟುವವರು ಆಶಾ ಕಾರ್ಯಕರ್ತೆಯರು. 2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಇವರನ್ನು ಸರ್ಕಾರ ಕಾಗದದ ಮೇಲೆ ಸ್ವಯಂಸೇವಕಿಯರು ಎಂದೇ ಕರೆಯುತ್ತದೆ, ಹಾಗಾಗಿ ಕೊಡುವುದು ಸಂಬಳವಲ್ಲ, ಗೌರವಧನ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲು ರಾತ್ರಿ ಕೂತದ್ದು ತಿಂಗಳಿಗೆ ಕನಿಷ್ಠ ಇಷ್ಟಾದರೂ ಖಾತ್ರಿಯಾಗಿ ಬರಲಿ ಎಂದು ಕೇಳಲು. ಮಾರ್ಚ್ 8ಕ್ಕೆ ಕ್ಲಬ್ಬುಗಳು ಇದೇ ಹೆಣ್ಣುಮಕ್ಕಳಿಗೆ ಶಾಲು ಹೊದಿಸುತ್ತವೆ. ಊರಿನ ಗಣ್ಯರೆನಿಸಿಕೊಂಡ ಸದಸ್ಯರು ಆ ಶಾಲಿನ ಜತೆ ಜಿಲ್ಲಾ ಪಂಚಾಯಿತಿಗೆ ಒಂದು ಪತ್ರವನ್ನೂ ಬರೆಯಬಹುದಲ್ಲ ಎಂದು ನನಗೆ ಪ್ರತಿ ವರ್ಷ ಅನ್ನಿಸುತ್ತದೆ. ಬರೆಯುವುದಿಲ್ಲ, ರಾಜಕೀಯ ಬೇಡ ಎನ್ನುವುದು ಕ್ಲಬ್ಬಿನ ನಿಯಮ. ಆ ನಿಯಮ ಪಕ್ಷಗಳ ಜಗಳವನ್ನು ಹೊರಗಿಟ್ಟಿದೆ, ಜತೆಗೆ ಇಂಥ ನ್ಯಾಯದ ಮಾತನ್ನೂ ಹೊರಗಿಟ್ಟಿದೆ.

ಹಣದ ದಾರಿಯೂ ಬದಲಾಗಿದೆ. ದೊಡ್ಡ ಕಂಪನಿಗಳು ಲಾಭದ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ನಿಯಮ 2014ರಿಂದ ಜಾರಿಗೆ ಬಂದ ಮೇಲೆ ಕ್ಲಬ್ಬುಗಳು ಆ ಹಣಕ್ಕೆ ದಲ್ಲಾಳಿಗಳಾಗುವ ಅವಕಾಶ ತೆರೆಯಿತು. ರೋಟರಿ ಪ್ರತಿಷ್ಠಾನದ ಜಾಗತಿಕ ಅನುದಾನಕ್ಕೆ ಕನಿಷ್ಠ 30,000 ಡಾಲರಿನ ಯೋಜನೆ ಇರಬೇಕು, ಬೇರೆ ದೇಶದ ಕ್ಲಬ್ಬೊಂದು ಜತೆಗೂಡಬೇಕು, ಊರಿನವರ ಅಗತ್ಯವನ್ನು ಮೊದಲೇ ಕೇಳಿ ತಿಳಿದಿರಬೇಕು, ಕೊಟ್ಟ ಮೇಲೂ ಅದು ನಡೆಯುವ ಬಗೆಯನ್ನು ತೋರಿಸಬೇಕು. ಕೊನೆಯ ಎರಡು ಷರತ್ತು ಬಹಳ ಒಳ್ಳೆಯವು. ಮೊದಲನೆಯದು ದೊಡ್ಡಗದ್ದವಳ್ಳಿಯಂಥ ಊರನ್ನು ಹೊರಗಿಡುತ್ತದೆ. ಅಲ್ಲಿ ಬೇಕಿರುವುದು ಅಷ್ಟು ದೊಡ್ಡ ಮೊತ್ತವಲ್ಲ, ವರ್ಷಕ್ಕೆ ಕೆಲವೇ ಸಾವಿರ, ಆದರೆ ಹತ್ತು ವರ್ಷ.

ಅದಕ್ಕೆ ಅಡ್ಡಿಯಾಗಿರುವುದು ದುಡ್ಡಿನ ಕೊರತೆಯೂ ಅಲ್ಲ, ಮನಸ್ಸಿನ ಕೊರತೆಯೂ ಅಲ್ಲ. ವರ್ಷದ ಕೊನೆಗೆ ಪ್ರತಿ ಕ್ಲಬ್ಬೂ ಗವರ್ನರ್ ಕಚೇರಿಗೆ ವರದಿ ಒಪ್ಪಿಸುತ್ತದೆ: ಎಷ್ಟು ಹೊಸ ಸದಸ್ಯರು, ಎಷ್ಟು ಕಾರ್ಯಕ್ರಮ, ಎಷ್ಟು ಫಲಾನುಭವಿಗಳು, ಪ್ರತಿಷ್ಠಾನಕ್ಕೆ ಎಷ್ಟು ದೇಣಿಗೆ. ಪ್ರಶಸ್ತಿಗಳು ಆ ಪಟ್ಟಿಯ ಮೇಲೆ ನಿಂತಿವೆ. ಹಿಂದಿನ ಅಧ್ಯಕ್ಷರು ಕೊಟ್ಟ ಫಿಲ್ಟರಿನ ಪೊರೆ ಬದಲಿಸಿದ, ಮೂರು ವರ್ಷದ ಹಿಂದಿನ ಸಸಿಗೆ ಬೇಸಿಗೆಯಲ್ಲಿ ನೀರು ಹಾಕಿಸಿದ, ಪೊರೆ ತೆಗೆಸಿಕೊಂಡವರ ಮನೆಗೆ ನಲವತ್ತನೆಯ ದಿನ ಹೋಗಿ ಬಂದ ಅಧ್ಯಕ್ಷರು ತಮ್ಮ ಕೆಲಸವನ್ನು ಹೊಸ ಯೋಜನೆ ಎಂದು ಬರೆಯುವಂತಿಲ್ಲ, ಉದ್ಘಾಟಿಸಿದ್ದೆಂದೂ ಬರೆಯುವಂತಿಲ್ಲ. ಜಿಲ್ಲಾ ಸಮ್ಮೇಳನದಲ್ಲಿ ಅವರ ಕ್ಲಬ್ಬಿನ ಹೆಸರು ಕೂಗುವ ಹೊತ್ತಿಗೆ ಊಟದ ಪಂಕ್ತಿ ಶುರುವಾಗಿರುತ್ತದೆ.